ಗರ್ಭಚೀಲದ ಆಪರೇಷನ್ನಿಗೂ ಹೃದಯಕ್ಕೂ ಏನು ಸಂಬಂಧ?

2025ರ ಜೂನ್-ಜುಲೈನಲ್ಲಿ ಹಾಸನದಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬರುತ್ತಿತ್ತು, ನೆನಪಿದೆ ಅಲ್ವಾ? ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಬೆಳಿಗ್ಗೆಯೇ ಜನ ಸಾಲು ಹಚ್ಚಿದ್ದರು. ಇಲ್ಲಿ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲೂ ಅದೇ ಮಾತು. ಹುಡುಗರ ಜಿಮ್, ಕೋವಿಡ್ ಲಸಿಕೆ, ಗೋಬಿ ಮಂಚೂರಿ, ಟೆನ್ಷನ್ ಹೀಗೆ ಎಲ್ಲರ ಹತ್ತಿರವೂ ಒಂದೊಂದು ಕಾರಣ ಇತ್ತು. ಆ ಗದ್ದಲದಲ್ಲಿ ಐವತ್ತರ ಆಸುಪಾಸಿನ ಹೆಂಗಸರ ಹೃದಯದ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ.

ಅದೇ ವರ್ಷ ನವೆಂಬರ್ 10ರಂದು ಅಮೆರಿಕದಿಂದ ಇನ್ನೊಂದು ಸುದ್ದಿ ಬಂತು. ಮುಟ್ಟು ನಿಂತ ಮೇಲೆ ಕೊಡುವ ಈಸ್ಟ್ರೋಜನ್ ಔಷಧಗಳ ಡಬ್ಬಿಯ ಮೇಲೆ ಕಪ್ಪು ಚೌಕಟ್ಟಿನಲ್ಲಿ ಒಂದು ಎಚ್ಚರಿಕೆ ಇರುತ್ತಿತ್ತು. ಹೃದಯದ ಕಾಯಿಲೆ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆ ಬರಬಹುದು ಎನ್ನುವ ಆ ಎಚ್ಚರಿಕೆಯನ್ನು ತೆಗೆಸುತ್ತೇವೆ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಬೇಗ ಶುರು ಮಾಡಿದರೆ ಹೃದಯಕ್ಕೂ ಲಾಭ ಎಂಬ ಮಾತೂ ಜೊತೆಗೆ ಬಂತು. ಈ ಸುದ್ದಿ ವಾಟ್ಸ್ಆ್ಯಪ್ ಹತ್ತಿ ನಮ್ಮ ಕಡೆ ಇಳಿಯುವ ಹೊತ್ತಿಗೆ ಪೂರ್ತಿ ರೂಪ ಬದಲಾಗಿತ್ತು. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ಹೆಣ್ಣುಮಗಳೊಬ್ಬಳು ಮೊಬೈಲಿನ ವಿಡಿಯೋ ತೋರಿಸಿ ಕೇಳುತ್ತಿದ್ದಳು: “ಹಾರ್ಟ್‌ಗೆ ಚಲೋ ಅಂತಲ್ಲ, ಆ ಹಾರ್ಮೋನ್ ಗುಳಿಗಿ ಐತೇನ್ರಿ?” ಅಂಗಡಿಯವನು ಡಾಕ್ಟರ ಚೀಟಿ ಬೇಕು ಅಂದ. ಅವನು ಮಾಡಿದ್ದು ಸರಿಯೇ. ಆದರೆ ಆಕೆಯ ಪ್ರಶ್ನೆಗೆ ಅದು ಉತ್ತರ ಅಲ್ಲ.

ಉತ್ತರ ಹೇಳಬೇಕೆಂದರೆ ಮೊದಲು ಈಸ್ಟ್ರೋಜನ್ ಹೃದಯಕ್ಕೆ ಏನು ಮಾಡುತ್ತದೆ ಎಂದು ನೋಡಬೇಕು.

ಈಸ್ಟ್ರೋಜನ್ ಅಂದರೆ ಮುಟ್ಟು, ಬಸಿರಿನ ಹಾರ್ಮೋನ್ ಅಂತಷ್ಟೇ ನಾವು ತಿಳಿದಿರುತ್ತೇವೆ. ಅಂಡಾಶಯ ಅದನ್ನು ರಕ್ತಕ್ಕೆ ಬಿಡುತ್ತದೆ, ರಕ್ತ ಅದನ್ನು ಮೈಯೆಲ್ಲ ಸುತ್ತಿಸುತ್ತದೆ. ರಕ್ತನಾಳದ ಒಳಪದರಕ್ಕೂ ಈ ಹಾರ್ಮೋನಿನ ಗುರುತು ಸಿಗುತ್ತದೆ. ಅದು ತಾಗಿದಾಗ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೆಚ್ಚು ಬಿಡುತ್ತದೆ, ನಾಳ ಸಡಿಲಾಗಿ ಹಿಗ್ಗುತ್ತದೆ. ಲಿವರ್‌ನಲ್ಲಿ ಅದರ ಕೆಲಸ ಬೇರೆ. ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತೇವಲ್ಲ, ಎಲ್‌ಡಿಎಲ್, ಅದನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳಲು ಲಿವರ್‌ಗೆ ಈಸ್ಟ್ರೋಜನ್ ಸಹಾಯ ಮಾಡುತ್ತದೆ. ಕೊಬ್ಬು ಹೊಟ್ಟೆಯ ಒಳಗೆ ತುಂಬಿಕೊಳ್ಳದೆ ತೊಡೆ, ಸೊಂಟದ ಕೆಳಗೆ ನಿಲ್ಲುವುದರಲ್ಲೂ ಅದರ ಪಾಲಿದೆ.

ಅಂಡಾಶಯ ಕೆಲಸ ನಿಲ್ಲಿಸುತ್ತಾ ಬಂದಂತೆ ಇದೆಲ್ಲ ಒಟ್ಟಿಗೆ ಬದಲಾಗುತ್ತದೆ. ಅಮೆರಿಕದಲ್ಲಿ 1990ರ ದಶಕದ ಮಧ್ಯದಿಂದ ‘ಸ್ವಾನ್’ ಎಂಬ ಅಧ್ಯಯನ ಸಾವಿರಾರು ಹೆಂಗಸರನ್ನು ವರ್ಷ ವರ್ಷ ಪರೀಕ್ಷಿಸುತ್ತಾ ಬಂದಿದೆ. ಕೊನೆಯ ಮುಟ್ಟಿನ ಆಚೀಚೆಯ ಒಂದೊಂದು ವರ್ಷದಲ್ಲಿ ಎಲ್‌ಡಿಎಲ್ ಜಿಗಿಯುವುದು ಅದರಲ್ಲಿ ಕಂಡಿತು. ಬರೀ ವಯಸ್ಸಿನಿಂದ ಏರುವುದಾದರೆ ನಿಧಾನಕ್ಕೆ, ಒಂದೇ ಸಮ ಏರಬೇಕಿತ್ತು. ಇಲ್ಲಿ ಆದದ್ದು ಹಾಗಲ್ಲ. ಬಿಸಿಲಿಗೆ ಬಿದ್ದ ಹನಿ ನೀರಾವರಿ ಪೈಪ್ ಹೇಗೆ ಬಿರುಸಾಗುತ್ತದೋ ಹಾಗೆ ರಕ್ತನಾಳವೂ ಇದೇ ಹೊತ್ತಿನಲ್ಲಿ ಬಿರುಸಾಗುತ್ತದೆ. ರಾತ್ರಿ ಮೈ ಝಳ ಹೊಡೆದು ನಿದ್ದೆ ಕೆಡುತ್ತದೆ. ಬಿಪಿ ಏರುತ್ತದೆ. ಮೊದಲಿನಷ್ಟೇ ಉಂಡರೂ ಹೊಟ್ಟೆಯ ಸುತ್ತಳತೆ ಹೆಚ್ಚುತ್ತದೆ.

52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ಹೆಂಗಸರ ಮೊದಲ ಹೃದಯಾಘಾತ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಬರುವುದು ಕಂಡಿತ್ತು. ಈ 9 ವರ್ಷದ ರಿಯಾಯಿತಿಯನ್ನು ನೋಡಿಯೇ ‘ಹೆಣ್ಣುಮಕ್ಕಳಿಗೆ ಹಾರ್ಟ್ ಅಟ್ಯಾಕ್ ಬರಲ್ಲ’ ಎಂಬ ನಂಬಿಕೆ ಬೆಳೆದಿರಬೇಕು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ. ದಕ್ಷಿಣ ಏಷ್ಯಾದವರಿಗೆ, ಅಂದರೆ ನಮ್ಮಂಥವರಿಗೆ, ಉಳಿದವರಿಗಿಂತ ಐದಾರು ವರ್ಷ ಮುಂಚೆಯೇ ಹೃದಯಾಘಾತ ಆಗುತ್ತಿತ್ತು. ನಮ್ಮ ಹೆಂಗಸರ ಮುಟ್ಟೂ ಬೇಗ ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ 51 ಇದ್ದರೆ ಭಾರತದಲ್ಲಿ ಸುಮಾರು 46.

ಈಸ್ಟ್ರೋಜನ್ ಹೋದರೆ ಅಪಾಯ ಏರುತ್ತದೆ, ಮಾತ್ರೆಯಿಂದ ಅದನ್ನು ತುಂಬಿಕೊಟ್ಟರೆ ಅಪಾಯ ಇಳಿಯಬೇಕು. ಈ ತರ್ಕ ಸರಿಯಾಗಿಯೇ ಕಾಣುತ್ತದೆ. ಡಾಕ್ಟರುಗಳೂ ಬಹಳ ವರ್ಷ ಹಾಗೇ ನಂಬಿದ್ದರು. 1976ರಲ್ಲಿ ಶುರುವಾದ ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನದಲ್ಲಿ ಹಾರ್ಮೋನ್ ತೆಗೆದುಕೊಳ್ಳುವವರಿಗೆ ಹೃದ್ರೋಗ ಹತ್ತಿರಹತ್ತಿರ ಅರ್ಧ ಕಡಿಮೆ ಕಂಡಿತ್ತು. ಆದರೆ ಯಾರು ತಗೊಳ್ಳುತ್ತಿದ್ದರು? ಕೈಯಲ್ಲಿ ದುಡ್ಡಿದ್ದವರು, ಡಾಕ್ಟರ ಹತ್ತಿರ ತಪ್ಪದೆ ಹೋಗುವವರು, ಮೊದಲೇ ಆರೋಗ್ಯ ಚೆನ್ನಾಗಿ ನೋಡಿಕೊಳ್ಳುವವರು. ಅವರ ಹೃದಯ ಗಟ್ಟಿ ಇದ್ದದ್ದು ಮಾತ್ರೆಯಿಂದಲೋ, ಇರುವ ರೀತಿಯಿಂದಲೋ? ಬರೀ ನೋಡಿ ಬರೆದುಕೊಳ್ಳುವ ಅಧ್ಯಯನದಲ್ಲಿ ಇದನ್ನು ಬೇರ್ಪಡಿಸುವುದು ಕಷ್ಟ.

ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಹಾರ್ಮೋನ್, ಅರ್ಧ ಜನಕ್ಕೆ ಸುಮ್ನೆ ಹುಸಿ ಮಾತ್ರೆ ಕೊಟ್ಟು ನೋಡಿದಾಗ ಕಥೆ ತಿರುಗಿತು. 1998ರಲ್ಲಿ ‘ಹರ್ಸ್’ ಪ್ರಯೋಗ. ಆಗಲೇ ಹೃದ್ರೋಗ ಇದ್ದ 2,763 ಹೆಂಗಸರ ಮೇಲೆ ನಡೆದದ್ದು. ಒಟ್ಟಾರೆ ಲಾಭ ಆಗಲಿಲ್ಲ, ಮೊದಲ ವರ್ಷದಲ್ಲಂತೂ ಹಾರ್ಮೋನ್ ತೆಗೆದುಕೊಂಡವರಿಗೇ ಹೆಚ್ಚು ತೊಂದರೆಯಾಯಿತು. ಆಮೇಲೆ ಬಂದದ್ದು 16,608 ಹೆಂಗಸರ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’. ಅದನ್ನು 2002ರ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹಾರ್ಮೋನ್ ತೆಗೆದುಕೊಂಡ ಗುಂಪಿನಲ್ಲಿ ಹೃದಯಾಘಾತ ಶೇ 29ರಷ್ಟು, ಸ್ತನ ಕ್ಯಾನ್ಸರ್ ಶೇ 26ರಷ್ಟು ಜಾಸ್ತಿ ಎಂಬುದು ಜಗತ್ತಿನಾದ್ಯಂತ ತಲೆಬರಹವಾಯಿತು. ಲಕ್ಷಾಂತರ ಹೆಂಗಸರು ಮಾತ್ರೆ ಬಿಟ್ಟರು. ಕಪ್ಪು ಚೌಕಟ್ಟು ಬಂದದ್ದು ಇದರ ಬೆನ್ನಿಗೇ.

ತಲೆಬರಹದಲ್ಲಿ ಎರಡು ಮಾತು ಬಿಟ್ಟುಹೋಗಿದ್ದವು. ಶೇಕಡಾವಾರು ದೊಡ್ಡದಾಗಿ ಕಂಡರೂ ಎಣಿಕೆಯಲ್ಲಿ ನೋಡಿದರೆ, ವರ್ಷಕ್ಕೆ 10,000 ಹೆಂಗಸರಲ್ಲಿ ಹೆಚ್ಚಿಗೆ ಆದ ಹೃದಯಾಘಾತ 7, ಸ್ತನ ಕ್ಯಾನ್ಸರ್ 8. ಎರಡನೆಯದು ವಯಸ್ಸು. ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಎಷ್ಟೋ ವರ್ಷ ಆಗಿತ್ತು, ಬಹಳ ಜನರ ರಕ್ತನಾಳದಲ್ಲಿ ಆಗಲೇ ಕೊಬ್ಬು ಕಟ್ಟಿತ್ತು. ಚೆನ್ನಾಗಿರುವ ನಾಳವನ್ನು ಕಾಯುವ ಹಾರ್ಮೋನೇ ಕೆಟ್ಟ ನಾಳದಲ್ಲಿ ಕಟ್ಟಿದ ಕೊಬ್ಬನ್ನು ಕಲಕಬಹುದು ಎಂಬ ಅನುಮಾನ ಅಲ್ಲಿಂದ ಗಟ್ಟಿಯಾಯಿತು. 2016ರ ‘ಎಲೀಟ್’ ಪ್ರಯೋಗ ಇದನ್ನೇ ಪರೀಕ್ಷಿಸಿತು. ಮುಟ್ಟು ನಿಂತು 6 ವರ್ಷದ ಒಳಗಿದ್ದವರಿಗೆ ಈಸ್ಟ್ರೋಜನ್ ಕೊಟ್ಟಾಗ ಕತ್ತಿನ ರಕ್ತನಾಳದ ಗೋಡೆ ದಪ್ಪವಾಗುವುದು ನಿಧಾನವಾಯಿತು. 10 ವರ್ಷ ದಾಟಿದವರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಹಾಗಂತ ‘ಎಲೀಟ್’ ಅಳೆದದ್ದು ನಾಳದ ಗೋಡೆಯನ್ನು, ಹೃದಯಾಘಾತವನ್ನಲ್ಲ. ಇದೇ ತರಹದ ‘ಕೀಪ್ಸ್’ ಎಂಬ ಇನ್ನೊಂದು ಪ್ರಯೋಗದಲ್ಲಿ, ಬೇಗ ಶುರು ಮಾಡಿದರೂ ನಾಳದ ಗೋಡೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇವತ್ತಿನ ಮಟ್ಟಿಗೆ ಹೇಳಬಹುದಾದದ್ದು ಇಷ್ಟು. ವಯಸ್ಸು 60ರ ಒಳಗಿದ್ದು, ಮುಟ್ಟು ನಿಂತು 10 ವರ್ಷ ಆಗಿರದೆ, ಮೈ ಝಳದಿಂದ ನಿದ್ದೆ ಬಾರದೆ ಒದ್ದಾಡುವವರಿಗೆ ಹಾರ್ಮೋನ್ ಒಳ್ಳೆಯ ಔಷಧ. ಅಂಥವರು ಹೃದಯದ ಹೆದರಿಕೆಯಿಂದ ಅದನ್ನು ದೂರ ಇಡಬೇಕಿಲ್ಲ. ಗರ್ಭಚೀಲ ಇದ್ದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಕೊಡಲೇಬೇಕು, ಇಲ್ಲದಿದ್ದರೆ ಗರ್ಭಚೀಲದ ಒಳಪದರಕ್ಕೆ ಕ್ಯಾನ್ಸರ್ ಅಪಾಯ. ಆ ಎಚ್ಚರಿಕೆಯನ್ನು ಎಫ್‌ಡಿಎ ಕೂಡ ಉಳಿಸಿಕೊಂಡಿದೆ. ಹೃದಯಾಘಾತ, ಲಕ್ವ, ರಕ್ತ ಹೆಪ್ಪುಗಟ್ಟುವ ತೊಂದರೆ, ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಈ ಔಷಧ ಸಲ್ಲದು. ಇನ್ನು, ಏನೂ ತೊಂದರೆ ಇಲ್ಲದವರು ಹಾರ್ಟ್ ಅಟ್ಯಾಕ್ ತಡೆಯಲೆಂದೇ ಇದನ್ನು ನುಂಗಬೇಕು ಎಂದು ಹೇಳುವಷ್ಟು ಪುರಾವೆ ಇಲ್ಲ. ದುರ್ಗದಬೈಲಿನ ಆ ಹೆಣ್ಣುಮಗಳಿಗೆ ಸಿಗಬೇಕಿದ್ದ ಉತ್ತರ ಇದು.

ಆದರೆ ನಮ್ಮ ಜಿಲ್ಲೆಗಳ ಮಟ್ಟಿಗೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ಬೇರೆ. ಐವತ್ತಕ್ಕೆ ಮಾತ್ರೆ ಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು. ಮೂವತ್ತೈದಕ್ಕೇ ಅಂಡಾಶಯ ಕಳೆದುಕೊಂಡವರ ಗತಿ ಏನು?

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಪ್ರಕರಣ ಈ ಕಡೆಯವರಿಗೆ ಹೊಸದಲ್ಲ. ಬೇಡದಿದ್ದರೂ ಗರ್ಭಚೀಲ ತೆಗೆದಿದ್ದಾರೆ ಎಂದು ನೂರಾರು ಹೆಣ್ಣುಮಕ್ಕಳು, ಅದರಲ್ಲೂ ತಾಂಡಾದ ಲಂಬಾಣಿ ಹೆಣ್ಣುಮಕ್ಕಳು, ನ್ಯಾಯ ಕೇಳಿ ಬೀದಿಗಿಳಿದಿದ್ದರು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಇಂಥದ್ದೇ ದೂರುಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಬೇಡದ ಗರ್ಭಚೀಲದ ಆಪರೇಷನ್ ತಡೆಯಲು ಕೇಂದ್ರ ಮಾಡಿದ ಮಾರ್ಗಸೂಚಿಯನ್ನು 3 ತಿಂಗಳಲ್ಲಿ ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 3ರಷ್ಟು ಮಂದಿ ಗರ್ಭಚೀಲ ತೆಗೆಸಿಕೊಂಡಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆದದ್ದು 40 ತುಂಬುವ ಮುಂಚೆಯೇ.

ಯಾಕೆ ಒಪ್ಪುತ್ತಾರೆ ಅನ್ನುವುದು ಇಲ್ಲಿರುವವರಿಗೆ ಗೊತ್ತು. ಬ್ಯಾಡಗಿ ಮಾರುಕಟ್ಟೆಯ ಸುತ್ತಮುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ನೋಡಿ. ತಲೆಗೆ, ಮೂಗಿಗೆ ಬಟ್ಟೆ ಬಿಗಿದುಕೊಂಡು, ಘಾಟಿನ ನಡುವೆ ಬೆಳಿಗ್ಗೆ ಕೂತರೆ ಸಂಜೆ ಏಳುವುದು. ಕೂಲಿ ಕಿಲೋ ಲೆಕ್ಕದಲ್ಲಿ. ತಿಂಗಳಿಗೆ ಹತ್ತು ದಿನ ರಕ್ತ ಹೋಗುತ್ತಿದ್ದರೆ ಎದ್ದು ಹೋಗಲು ಪಾಯಖಾನೆಯೂ ದೂರ, ಕೂಲಿಯೂ ಖೋತಾ. ಅಂಥ ಹೊತ್ತಿನಲ್ಲಿ ಯಾರೋ “ಗಂಟು ಐತಿ, ಬಿಟ್ಟರ ಕ್ಯಾನ್ಸರ್ ಆಗ್ತದ, ತೆಗೆಸಿಬಿಡು” ಅಂದರೆ ಆಕೆ ಎರಡನೇ ಡಾಕ್ಟರ ಹತ್ತಿರ ಯಾಕೆ ಹೋಗುತ್ತಾಳೆ? ಮಕ್ಕಳಾಗಿವೆ, ಇನ್ನು ಆ ಚೀಲ ಇಟ್ಟುಕೊಂಡು ಏನು ಮಾಡುವುದು ಎಂದು ಮನೆಯವರೂ ಅನ್ನುತ್ತಾರೆ. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ರಕ್ತ ಕಡಿಮೆ ಮಾಡಲು ಮಾತ್ರೆ ಇದೆ, ಗರ್ಭಚೀಲದ ಒಳಗೆ ಕೂರಿಸುವ ಹಾರ್ಮೋನಿನ ಸಾಧನ ಇದೆ ಎಂದು ಕೂತು ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. (ಕರ್ನಾಟಕ ಸರ್ಕಾರ 2025ರಲ್ಲಿ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ತಂದಿತು. ಒಳ್ಳೆಯದೇ. ತೊಟ್ಟು ಬಿಡಿಸುವವಳಿಗೆ ಸಂಬಳವೇ ಇಲ್ಲವಲ್ಲ, ರಜೆ ಎಲ್ಲಿಂದ?)

ಈಗ ಹೃದಯದ ಮಾತು. ಗರ್ಭಚೀಲ ಒಂದನ್ನೇ ತೆಗೆದರೆ ಅಂಡಾಶಯ ಈಸ್ಟ್ರೋಜನ್ ಕೊಡುತ್ತಲೇ ಇರುತ್ತದೆ. ಆದರೂ ಅದಕ್ಕೆ ರಕ್ತ ಸಾಗಿಸುವ ದಾರಿಗೆ ಪೆಟ್ಟು ಬೀಳುವುದರಿಂದಲೋ ಏನೋ, ಅಂಥವರಲ್ಲಿ ಅಂಡಾಶಯ ಬೇಗ ಸೋಲುವುದು ಹೆಚ್ಚು. ಎರಡೂ ಅಂಡಾಶಯವನ್ನು ಜೊತೆಗೇ ತೆಗೆದುಬಿಟ್ಟರೆ ಸಾವಕಾಶ ಅನ್ನುವುದೇ ಇಲ್ಲ. ಸಹಜವಾಗಿ ಮುಟ್ಟು ನಿಲ್ಲುವವರಿಗೆ ಹಾರ್ಮೋನ್ ಕೆಲವು ವರ್ಷ ಏರಿಳಿದು ಇಳಿಯುತ್ತದೆ. ಇವರಿಗೆ ಆಪರೇಷನ್ ಆದ ಕೆಲವೇ ದಿನದಲ್ಲಿ ನೆಲ ಕಚ್ಚುತ್ತದೆ. 15 ಅಧ್ಯಯನಗಳ 3 ಲಕ್ಷ ಹೆಂಗಸರ ಮಾಹಿತಿ ಕೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳುವ ಪ್ರಕಾರ, 50-51ಕ್ಕೆ ಮುಟ್ಟು ನಿಂತವರಿಗೆ ಹೋಲಿಸಿದರೆ 40ಕ್ಕಿಂತ ಮುಂಚೆ ಸಹಜವಾಗಿಯೇ ನಿಂತವರಿಗೆ 60ರ ಒಳಗೆ ಹೃದ್ರೋಗ ಅಥವಾ ಲಕ್ವದ ಅಪಾಯ ಶೇ 55ರಷ್ಟು ಜಾಸ್ತಿ. 40-44ರಲ್ಲಿ ನಿಂತವರಿಗೆ ಶೇ 30ರಷ್ಟು ಜಾಸ್ತಿ.

ಇಲ್ಲೇ ನೋಡಿ ವಿಪರ್ಯಾಸ. ಐವತ್ತರ ಹೆಂಗಸಿಗೆ ಈಸ್ಟ್ರೋಜನ್ ಕೊಡಬೇಕೋ ಬೇಡವೋ ಎಂದು ಜಗತ್ತು ಮೂವತ್ತು ವರ್ಷದಿಂದ ಜಗಳಾಡುತ್ತಿದೆ. ನಲವತ್ತರ ಒಳಗೆ ಅಂಡಾಶಯ ಕಳೆದುಕೊಂಡವಳ ವಿಷಯದಲ್ಲಿ ಜಗಳವೇ ಇಲ್ಲ. ಸ್ತನ ಕ್ಯಾನ್ಸರಿನಂಥ ಅಡ್ಡಿ ಇರದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಆಕೆಗೆ ಈಸ್ಟ್ರೋಜನ್ ಕೊಡಬೇಕು ಎಂದು ಮಾರ್ಗಸೂಚಿಗಳು ಸಾಫಾಗಿ ಹೇಳುತ್ತವೆ. ಹೃದಯಕ್ಕೂ ಬೇಕು, ಎಲುಬಿಗೂ ಬೇಕು. ಅದು ಹೆಚ್ಚುವರಿ ಹಾರ್ಮೋನ್ ಅಲ್ಲ, ಆ ವಯಸ್ಸಿನಲ್ಲಿ ಆಕೆಯ ಮೈಯಲ್ಲಿ ಇರಬೇಕಾದದ್ದೇ. ಗರ್ಭಚೀಲ ಇಲ್ಲದ್ದರಿಂದ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಕೂಡ ಬೇಕಿಲ್ಲ. ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವಳಿಗೆ ಹೊಲಿಗೆ ಬಿಚ್ಚಿ, ಕ್ಯಾಲ್ಸಿಯಂ ಗುಳಿಗೆ ಬರೆದು, ಭಾರ ಎತ್ತಬೇಡ ಎಂದು ಮನೆಗೆ ಕಳಿಸುತ್ತಾರೆ.

ತನ್ನ ಅಂಡಾಶಯ ಹೋಗಿದೆಯೋ ಉಳಿದಿದೆಯೋ ಎಂಬುದೇ ಬಹಳ ಜನರಿಗೆ ಗೊತ್ತಿರುವುದಿಲ್ಲ. ‘ಚೀಲ ತೆಗೆಸೀನಿ’ ಅನ್ನುತ್ತಾರೆ, ಅಷ್ಟೇ. ಉತ್ತರ ಮನೆಯಲ್ಲೇ ಇರುತ್ತದೆ. ಟ್ರಂಕಿನ ತಳದಲ್ಲೋ, ಅಲ್ಮೇರಾದ ಮೇಲೋ, ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಚೀಲದಲ್ಲೋ ಡಿಸ್ಚಾರ್ಜ್ ಕಾರ್ಡ್ ಇರುತ್ತದೆ. ಅದರಲ್ಲಿ ಆಪರೇಷನ್ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ಟಿಎಎಚ್’ ಅಂತಿದ್ದರೆ ಗರ್ಭಚೀಲ ತೆಗೆದಿದ್ದಾರೆ. ಅದರ ಪಕ್ಕ ‘ಬಿಎಸ್‌ಒ’ ಅಂತಲೂ ಇದ್ದರೆ ಎರಡೂ ಕಡೆಯ ಅಂಡಾಶಯ, ಅಂಡನಾಳ ಸಹ ತೆಗೆದಿದ್ದಾರೆ. ‘ಯುಎಸ್‌ಒ’ ಅಂತಿದ್ದರೆ ಒಂದು ಕಡೆಯದು ಮಾತ್ರ. ಮನೆಯಲ್ಲಿ ಓದು ಬರುವ ಮಗಳೋ ಸೊಸೆಯೋ ಇದ್ದರೆ ‘ಬಿಎಸ್‌ಒ’ ಎಂಬ ಮೂರಕ್ಷರ ಹುಡುಕಲು ಐದು ನಿಮಿಷ ಸಾಕು. ಸಿಕ್ಕಿದರೆ, ಆಕೆ ಐವತ್ತರ ಒಳಗಿದ್ದರೆ, ಆ ಕಾರ್ಡ್ ಹಿಡಿದುಕೊಂಡು ಹೆರಿಗೆ ಡಾಕ್ಟರ ಹತ್ತಿರ ಹೋಗುವುದಕ್ಕೆ ಅದೇ ಕಾರಣ ಸಾಕು. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಹಾರ್ಮೋನ್ ತೆಗೆದುಕೊಳ್ಳಲಿ ಬಿಡಲಿ, ಮುಟ್ಟು ನಿಂತ ಎಲ್ಲರಿಗೂ ಹೃದಯದ ಔಷಧ ಅಂದರೆ ಹಳೆಯವೇ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ. ಇಂಟರ್‌ಹಾರ್ಟ್ ಲೆಕ್ಕದಲ್ಲಿ ಇಂಥ 9 ಸಂಗತಿಗಳೇ ಹೆಂಗಸರ ಹೃದಯಾಘಾತದ ಶೇ 94ರಷ್ಟು ಅಪಾಯಕ್ಕೆ ಕಾರಣ. ಭಾರತದ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಬಾರದು ಅನ್ನುತ್ತಾರೆ. ಬಸಿರಿದ್ದಾಗ ಬಿಪಿ ಏರಿ ತೊಂದರೆಯಾಗಿದ್ದವರು, ಆಗ ಶುಗರ್ ಬಂದಿದ್ದವರು ಇನ್ನೂ ಹುಷಾರಾಗಿರಬೇಕು. ಮಗು ಹುಟ್ಟಿದ ಮೇಲೆ ಅದು ಮರೆತುಹೋಗುತ್ತದೆ, ಹೃದಯದ ಮೇಲೆ ಅದರ ನೆರಳು ಇಪ್ಪತ್ತು ವರ್ಷದ ಮೇಲೂ ಇರುತ್ತದೆ. ಊಟದಲ್ಲಿ ಜೋಳದ ರೊಟ್ಟಿಗೆ ದೋಷವಿಲ್ಲ. ರೊಟ್ಟಿಯ ಪಕ್ಕದ ಉಪ್ಪಿನಕಾಯಿ, ಸಂಡಿಗೆ, ಸಂಜೆಯ ಗಿರ್ಮಿಟ್ ಜೊತೆ ಮಿರ್ಚಿ, ಇವುಗಳ ಉಪ್ಪು ಎಣ್ಣೆಯದ್ದೇ ತಕರಾರು. ಎಲೆ ಅಡಿಕೆ ಜೊತೆ ತಂಬಾಕು ಹಾಕುವ ಅಜ್ಜಿ, ಅವ್ವಂದಿರು ನಮ್ಮಲ್ಲಿ ಕಡಿಮೆಯೇನಲ್ಲ. ಸೇದುವುದಲ್ಲವಲ್ಲ ಎಂದು ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನು ಆಘಾತವೇ ಆದಾಗ. ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅವರಲ್ಲಿ ಬೆನ್ನು, ದವಡೆ, ಭುಜದ ನೋವು, ಉಸಿರು ಕಟ್ಟುವುದು, ವಾಕರಿಕೆ, ವಿಪರೀತ ಸುಸ್ತು, ತಣ್ಣನೆ ಬೆವರು ಜೊತೆಗೂಡುವುದು ಗಂಡಸರಿಗಿಂತ ಜಾಸ್ತಿ. ಮನೆಯಲ್ಲಿ ಅದಕ್ಕೆ ಹೆಸರು ಸಿದ್ಧವಾಗಿಯೇ ಇರುತ್ತದೆ: “ಗ್ಯಾಸ್ ಆಗೇತಿ, ಸೋಡಾ ಕುಡಿ.” ಬೆವರಿದರೆ ‘ಮುಟ್ಟು ನಿಲ್ಲೋ ವಯಸ್ಸು’ ಅನ್ನುತ್ತಾರೆ. ಮುಟ್ಟು ನಿಲ್ಲುವ ವಯಸ್ಸಿನ ಝಳ ಕೆಲವು ನಿಮಿಷದಲ್ಲಿ ಬಂದು ಹೋಗುತ್ತದೆ, ಮೈ ಬಿಸಿಯಾಗುತ್ತದೆ. ಹತ್ತು ಹದಿನೈದು ನಿಮಿಷವಾದರೂ ಬಿಡದ ನೋವು, ಮೈ ತಣ್ಣಗಾಗಿ ಬೆವರು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು: ಇದು ಬೇರೆ.

ರಾಜ್ಯದಲ್ಲಿ ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಮೊದಲ ಮೂರು ತಾಸಿನಲ್ಲಿ ಕೊಟ್ಟರೆ ಕೆಲಸ ಚೆನ್ನಾಗಿ ಮಾಡುತ್ತದೆ, 12 ತಾಸು ದಾಟಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ರಾತ್ರಿ ಊಟವಾದ ಮೇಲೆ ನೋವು ಶುರುವಾಗಿ, ಸೋಡಾ ಕುಡಿದು, ಬೆನ್ನಿಗೆ ಮುಲಾಮು ತಿಕ್ಕಿಸಿಕೊಂಡು, ಬೆಳಿಗ್ಗೆ ಎದ್ದು ಎಲ್ಲರಿಗೂ ರೊಟ್ಟಿ ಬಡಿದಿಟ್ಟು ಆಸ್ಪತ್ರೆಗೆ ಬರುವವಳಿಗೆ ಆ ಚುಚ್ಚುಮದ್ದಿನ ಹೊತ್ತು ಮೀರಿರುತ್ತದೆ.

ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು 30 ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಹೆಂಗಸರಿಗೆ ಆಗ ಇನ್ನೆರಡು ಪ್ರಶ್ನೆ ಕೇಳಬೇಕು: ಮುಟ್ಟು ಯಾವ ವಯಸ್ಸಿಗೆ ನಿಂತಿತು, ತಾನಾಗಿ ನಿಂತಿತೋ ಆಪರೇಷನ್ನಿನಿಂದಲೋ. ಅದಕ್ಕೆ ಯಂತ್ರವೂ ಬೇಡ, ರಕ್ತವೂ ಬೇಡ. ಉತ್ತರ ‘ಆಪರೇಷನ್, 36ಕ್ಕೆ’ ಅಂತ ಬಂದರೆ ಆಕೆಯ ಕೊಲೆಸ್ಟ್ರಾಲ್ ಪರೀಕ್ಷೆ ಐವತ್ತರ ತನಕ ಕಾಯಬಾರದು, ಆ ತಿಂಗಳೇ ಆಗಬೇಕು.